ಕಣಕಿಯ ಅಡಿಯಿಂದ ಎದ್ದು ಬಂದ ಗಾಡಿ

ನಾನು ಮೂರು ಗಾಲಿಯ ಸೈಕಲ್. ಕೈಯಿಂದ ಪೆಡಲ್ ತಿರುಗಿಸಿದರೆ ಓಡುತ್ತೇನೆ. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ಬೆಸುಗೆಯ ಕಿಡಿಗಳ ನಡುವೆ ಹುಟ್ಟಿದೆ. ನೀಲಿ ಬಣ್ಣ ಬಳಿದ ದಿನ ನನ್ನ ಜಂಬ ಕೇಳಬೇಡಿ!

ಅಂಗವಿಕಲರ ಪುನರ್ವಸತಿ ಕೇಂದ್ರದವರು ಶಿಬಿರ ಮಾಡಿ ನನ್ನನ್ನು ನೀಲವ್ವನಿಗೆ ಕೊಟ್ಟರು. ಪೋಲಿಯೊದಿಂದ ಕಾಲು ಸೋತು, ಅಂಗೈ ಊರಿ ತೆವಳುವ ಹುಡುಗಿ. ಹಾರ, ಚಪ್ಪಾಳೆ, ಫೋಟೊ ಎಲ್ಲ ಆಯಿತು. ಇನ್ನು ಇವಳಿಗೆ ಊರೆಲ್ಲ ತೋರಿಸುತ್ತೇನೆ ಎಂದುಕೊಂಡೆ. ಎಲ್ಲಿ ಬಂತು! ಅವಳಪ್ಪ ಫಕೀರಪ್ಪ ನನ್ನನ್ನು ಹಿತ್ತಲಿಗೆ ದಬ್ಬಿ, ಮೇಲೆ ಜೋಳದ ಒಣದಂಟಿನ ಕಣಕಿ ಒಟ್ಟಿಬಿಟ್ಟ. ಕಿರಿಯ ಮಗಳು ಕಸ್ತೂರಿಗೆ ಗಂಡು ಹುಡುಕುತ್ತಿದ್ದರು. ಇಂಥ ಅಕ್ಕ ಇದ್ದಾಳೆಂದು ತಿಳಿದರೆ ಸಂಬಂಧ ಕುದುರುವುದಿಲ್ಲವಂತೆ. ಕನ್ಯೆ ನೋಡುವವರು ಬಂದಾಗಲೆಲ್ಲ ನೀಲವ್ವನಿಗೂ ಹಿತ್ತಲೇ ಗತಿ. ನಾನು ದಂಗಾದೆ. ನಾನೇನೋ ಕಬ್ಬಿಣ, ಅವಳು ಮಗಳಲ್ಲವೇ?

ಒಮ್ಮೆ ಕೇಂದ್ರದಿಂದ ಕರೆ ಬಂತು. ಹೊಲಿಗೆ ಕಲಿಯುವವರು ಸೋಮವಾರ ಬೆಳಿಗ್ಗೆ ಬರಬೇಕು, ಬಾರದವರ ಜಾಗ ಬೇರೆಯವರಿಗೆ. ಅದೇ ಸೋಮವಾರ ಗಂಡಿನ ಕಡೆಯವರು ಬಂದು ಅಂಗಳದಲ್ಲಿ ಕೂತರು. ಹಿತ್ತಲಿನಿಂದ ಬೀದಿಗೆ ಹೋಗಲು ಅಂಗಳವೊಂದೇ ದಾರಿ. ನೀಲವ್ವ ತೆವಳಿ ಬಂದು ಕಣಕಿ ಎಳೆದುಹಾಕಿದಳು. ನನ್ನ ಮೇಲೆ ಹತ್ತಿ ಪೆಡಲ್ ಹಿಡಿದಳು. ಅಂಗಳಕ್ಕೆ ಬರುತ್ತಲೇ ಎಣ್ಣೆ ಕಾಣದ ನನ್ನ ಚೈನು ಕಿರ್ರೆಂದಿತು.

ಎಲ್ಲರೂ ತಿರುಗಿ ನೋಡಿದರು.

“ಯಾರ್ರೀ ಈಕಿ?” ಗಂಡಿನ ತಾಯಿ ಕೇಳಿದಳು.

“ಬಾಜೂ ಮನೀ ಹುಡುಗಿರೀ,” ಎಂದ ಫಕೀರಪ್ಪ.

ನನಗೆ ಸಿಡಿಲು ಬಡಿದಂತಾಯಿತು. ಹೆತ್ತ ಅಪ್ಪನ ಬಾಯಲ್ಲಿ ಇಂಥ ಮಾತೇ? ನೀಲವ್ವ ಪೆಡಲ್ ತಿರುಗಿಸುವುದನ್ನು ನಿಲ್ಲಿಸಿದಳು. ಚಹದ ತಟ್ಟೆ ಹಿಡಿದು ನಿಂತಿದ್ದ ಕಸ್ತೂರಿ ತಲೆ ಎತ್ತಿದಳು.

“ಸುಳ್ಳರೀ. ಈಕಿ ನಮ್ಮಕ್ಕ. ಅಪ್ಪಾ, ನಾಳೆ ನನ್ನ ಕಾಲೂ ಹೋದ್ರ ನಾ ಯಾರ ಮನೀಕಿ?”

ತಟ್ಟೆ ಕೆಳಗಿಟ್ಟು, ತಾನೇ ನನ್ನನ್ನು ಬೀದಿಯವರೆಗೆ ದಬ್ಬಿದಳು.

ಆ ಸಂಬಂಧ ಮುರಿಯಿತು. ಕಸ್ತೂರಿಗೆ ಮುಂದೆ ಬೇರೆ ಗಂಡು ಸಿಕ್ಕಿದ. ಫಕೀರಪ್ಪ ಮಾತ್ರ ತಾನಾಡಿದ್ದು ತಪ್ಪೆಂದು ಸಾಯುವವರೆಗೂ ಹೇಳಲಿಲ್ಲ. ನೀಲವ್ವ ಹೊಲಿಗೆ ಕಲಿತಳು, ಈಗ ಅದೇ ಕೇಂದ್ರದಲ್ಲಿ ಕಲಿಸುತ್ತಾಳೆ. ಅವಳಿಗೆ ಮೋಟಾರಿನ ಗಾಡಿ ಬಂದಿದೆ. ನಾನು ಕೇಂದ್ರದ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದ್ದೇನೆ.

ಇಲ್ಲಿಂದಲೇ ಶಿಬಿರ ನೋಡುತ್ತೇನೆ. ಹೊಸ ಗಾಡಿ ಕೊಡುವ ಮೊದಲು ನೀಲವ್ವ ಆ ಹುಡುಗಿಯರ ಅಪ್ಪಂದಿರ ಕೈಗೆ ಮೈಕು ಕೊಡುತ್ತಾಳೆ.

“ಈಕಿ ನಿಮಗೇನಾಗಬೇಕು? ಮಂದಿ ಮುಂದ ಹೇಳ್ರಿ.”

ಬರೀ ಇಷ್ಟೇ. ನೀವು ನಂಬುವುದಿಲ್ಲ, ಎಷ್ಟೋ ಅಪ್ಪಂದಿರು ಇವತ್ತಿಗೂ ಮೈಕು ಹಿಡಿದು ಸುಮ್ಮನೆ ನಿಂತುಬಿಡುತ್ತಾರೆ.