ಮೊದಲ ಬೆಂಕಿ

"ಅಯ್ನೋರ, ನೀವು ತಲಿ ಹಿಡೀರಿ, ನಾನು ಹಿಂದಿಂದ ವಸ್ತ್ರ ಬಿಗೀತೀನಿ," ಎಂದ ನಾಗಪ್ಪ.

ಅಯ್ಯನವರು ಹಿಡಿದರು, ನಾಗಪ್ಪ ಬಿಗಿದ. ಪಡಸಾಲೆಯ ಗೋಡೆಗೆ ಆನಿಸಿ ಮಣೆಯ ಮೇಲೆ ಚಕ್ಕಳಮಕ್ಕಳ ಕೂರಿಸಿದ್ದ ಜಂಬಣ್ಣ ಮೇಸ್ತ್ರಿಯ ಹಣೆಗೆ ಬಿಳಿ ವಸ್ತ್ರ ಸುತ್ತಿ, ಅದರ ತುದಿಗಳನ್ನು ಗೋಡೆಯ ಗೂಟಕ್ಕೆ ಕಟ್ಟಿದ್ದಾಯಿತು. ಇಬ್ಬರೂ ಕೈ ಬಿಟ್ಟು ಹಿಂದೆ ಸರಿದರು. ತಲೆ ಒಂದು ಗಳಿಗೆ ನೆಟ್ಟಗೆ ನಿಂತಿತು. ಆಮೇಲೆ ಮೆಲ್ಲಗೆ, ಹೊರಗೆ ಯಾರೋ ಕರೆದದ್ದು ಕೇಳಿಸಿದವರ ಹಾಗೆ, ಬಾಗಿಲ ಕಡೆಗೆ ವಾಲಿ ತಿರುಗಿತು.

ಭಜನೆಯವರ ತಾಳ ತಪ್ಪಿತು. ಬೆಳಗಿನಿಂದ ಇದೇ ಆಗುತ್ತಿತ್ತು. ಕಟ್ಟುವುದು, ತಿರುಗುವುದು, ಮತ್ತೆ ಬಿಚ್ಚಿ ಕಟ್ಟುವುದು.

"ಮತ್ತ ಆ ಕಡೀಗೇ ನೋಡ್ತಾನಲ್ಲ," ಎಂದಳು ಬಸಲಿಂಗಮ್ಮ. ಸತ್ತವನ ಅಕ್ಕ ಆಕೆ. ನಸುಕಿನಿಂದ, ಒಂದೆರಡು ಸಲ ಅಡುಗೆಮನೆಗೆ ಹೋಗಿಬಂದದ್ದು ಬಿಟ್ಟರೆ, ತಮ್ಮನ ಒಳಮಗ್ಗುಲಿಗೆ, ಬಾಗಿಲಿನ ಆಚೆ ಬದಿಗೆ ಕೂತೇ ಇದ್ದಳು. "ಬಾಗ್ಲಾಗ ಯಾರದಾರಂತ ನೀವ ನೋಡ್ರಿ."

ಬಾಗಿಲಲ್ಲಿ, ಹೊಸ್ತಿಲಿನ ಆಚೆ ಬೆಳಗಿನಿಂದ ನಿಂತಿದ್ದವಳು ಹುಲುಗಮ್ಮ. ಜಂಬಣ್ಣ ಮೇಸ್ತ್ರಿಯಾಗಿದ್ದ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಅವನ ಕೈಕೆಳಗೆ ದುಡಿದವಳು. ಕೇರಿಯವಳಾದ್ದರಿಂದ ಒಳಗೆ ಬಾ ಎಂದು ಯಾರೂ ಅಂದಿರಲಿಲ್ಲ, ಅವಳೂ ಬರಲು ಹೋಗಿರಲಿಲ್ಲ. ಹೆಣದ ಮುಖ ನೇರ ಅವಳಿಗೇ ತಿರುಗಿತ್ತು. ಕಣ್ಣು ಮುಚ್ಚಿದ್ದವು, ಆದರೂ ನೋಡುತ್ತಿರುವ ಹಾಗೇ ಇತ್ತು.

"ಗಿಡ್ಡಮ್ಮನ ಮಗಳಲ್ಲೇನು ಅದು?" ಎಂದಿತು ಹೆಂಗಸರ ಗುಂಪಿನಿಂದ ಒಂದು ದನಿ.

"ಮಗಳನ್ನ ನೋಡಾಕತ್ತಿಲ್ಲ. ಮಗಳ ಹಿಂದ ಬಂದು ನಿಂತ ಸತ್ತಾಕಿನ್ನ ನೋಡಾಕತ್ಯಾನ," ಎಂದಿತು ಇನ್ನೊಂದು.

ಹುಲುಗಮ್ಮ ಹಿಂದೆ ತಿರುಗಿ ನೋಡಲಿಲ್ಲ. ನೋಡಬೇಕೆನ್ನಿಸಿತು, ನೋಡಲಿಲ್ಲ.

ನಾಗಪ್ಪ ಜಿನ್ನಿನ ಗೇಟು ಕಾಯುವವನು. ಅವನು ದನಿ ತಗ್ಗಿಸಿದರೂ ಎಲ್ಲರಿಗೂ ಕೇಳಿಸುವಂತೆ ತಗ್ಗಿಸುವವನು. "ದೆವ್ವ ಇಲ್ಲ, ಏನೂ ಇಲ್ಲ ಅಂತ ಹೇಳಿ ಅವತ್ತು ಮೇಸ್ತ್ರಿ ನಮ್ಮೆಲ್ಲರ ಬಾಯಿ ಮುಚ್ಚಿಸಿದ. ಗಿಡ್ಡಮ್ಮ ಮರ್ತಿಲ್ಲ ನೋಡ್ರಿ. ಮಣ್ಣು ಮಾಡೋಕ ಮುಂಚೆ ಆಕೀದೊಂದು ಬಂದೋಬಸ್ತ್ ಮಾಡಿಬಿಡ್ರಿ. ಇಲ್ಲಾಂದ್ರ ನಾಳಿಂದ ಜಿನ್ನಿನಾಗ ಮತ್ತ ಬೆಂಕಿ. ಮೊದ್ಲು ಆಕಿ ಮಗಳನ್ನ ಬಾಗ್ಲಿಂದ ಕಳಿಸ್ರಿ."

ಹುಲುಗಮ್ಮ ನಿಂತಲ್ಲಿಂದ ಕದಲಲಿಲ್ಲ. ತನ್ನನ್ನು ಕಳಿಸಿದರೆ ಕಳಿಸಲಿ, ಅದೇನು ಹೊಸದಲ್ಲ. ಆದರೆ ದೆವ್ವದ ಮಗಳು ಅನ್ನುವ ಹೆಸರು ಅಳಿಸಿ ವರ್ಷಗಳಾಗಿದ್ದವು. ಅವ್ವನನ್ನು ಜನ ಒಮ್ಮೊಮ್ಮೆ ಬರೀ ಗಿಡ್ಡಮ್ಮ ಎಂದು, ಒಳ್ಳೆಯ ಹಾಡಿನವಳು ಎಂದು ನೆನೆಯುವಷ್ಟು ಆಗಿತ್ತು. ಈಗ ಇವರು ಸಂಜೆಯೊಳಗೆ ಅವಳನ್ನು ಮತ್ತೆ ದೆವ್ವ ಮಾಡುತ್ತಾರೆ. ಆಗುವುದಿಲ್ಲ ಎಂದು ಹೇಳುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಅಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ.

*

ಗಿಡ್ಡಮ್ಮ ಸತ್ತದ್ದು ತೊಂಬತ್ತಮೂರರ ಹತ್ತಿ ಹಂಗಾಮಿನಲ್ಲಿ. ಇಟ್ಟಿಗಿಯ ಹೊರಗೆ, ಕೊಟ್ಟೂರಿಗೆ ಹೋಗುವ ದಾರಿಯಲ್ಲಿದ್ದ ಜಿನ್ನು ಅದು. ಹೆಂಗಸರು ರಾಶಿಯ ಮುಂದೆ ಕೂತು ಹತ್ತಿಯೊಳಗಿನ ಕಸಕಡ್ಡಿ ಆರಿಸಬೇಕು; ಆರಿಸಿದ ಹತ್ತಿ ಯಂತ್ರದ ಬಾಯಿಗೆ ಹೋಗಿ, ಬೀಜ ಬೇರೆ ಅರಳೆ ಬೇರೆಯಾಗಿ ಬೀಳಬೇಕು. ಒಂದು ದಿನ ಊಟದ ಹೊತ್ತಿನಲ್ಲಿ ಹತ್ತಿ ತುಂಬಿದ ಚೀಲಗಳ ಸಾಲು ಉರುಳಿತು. ಕೆಳಗೆ ಗಿಡ್ಡಮ್ಮ ಇದ್ದಳು. ಹೊರಗೆ ಎಳೆದಾಗ ಮೈಮೇಲೆ ಒಂದೂ ಗಾಯವಿರಲಿಲ್ಲ. ಕೂದಲಿಗೆಲ್ಲ ಹತ್ತಿ ಮೆತ್ತಿಕೊಂಡು ಒಮ್ಮೆಲೇ ಮುದುಕಿಯಾದವಳಂತೆ ಕಾಣುತ್ತಿದ್ದಳು. ಅವಳ ಜಾಗದಲ್ಲಿ ಮಗಳು ಹುಲುಗಮ್ಮನನ್ನು ಕೂರಿಸಿದರು.

ದಿನಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಯಂತ್ರದಿಂದ ಹೊಗೆ ಎದ್ದಿತು. ನೀರು ಸುರಿದು ಆರಿಸಿದರು. ಸ್ವಲ್ಪ ದಿನಕ್ಕೆ ಮತ್ತೆ ಹತ್ತಿತು, ಅದರ ಬೆನ್ನಿಗೇ ಇನ್ನೊಮ್ಮೆ. ಗಿಡ್ಡಮ್ಮ ಬಂದಾಳ ಎಂದು ಯಾರು ಮೊದಲು ಅಂದರೋ, ಸಂಜೆಗೆ ಎಲ್ಲರೂ ಅಂದಿದ್ದರು. ಸಾಹುಕಾರರು ಮಂತ್ರ ಹಾಕುವವನನ್ನು ಕರೆಸಿ ನಿಂಬೆಹಣ್ಣು ಕೊಯ್ಯಿಸಿದರು. ಬೆಂಕಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಹೆಂಗಸರು ಹುಲುಗಮ್ಮನಿಂದ ದೂರ ಸರಿದು ಕೂರತೊಡಗಿದರು. ಕೇರಿಯ ಹೆಂಗಸರು ಕೂಡ ಅವಳು ಮುಟ್ಟಿದ ಕೊಡದ ನೀರು ಬಿಟ್ಟರು.

ಆಗ ಯಾರಿಗೂ ಹೇಳದ ಒಂದು ಸಂಗತಿ ಹುಲುಗಮ್ಮನ ಹೊಟ್ಟೆಯಲ್ಲಿತ್ತು. ಹೊಗೆ ಎದ್ದಾಗಲೆಲ್ಲ ಅವಳಿಗೆ ಭಯವಾಗುತ್ತಿತ್ತು, ಭಯದ ಒಳಗೆ ಸಂತೋಷವೂ ಆಗುತ್ತಿತ್ತು. ಅವ್ವ ಇದ್ದಾಳೆ. ಸಿಟ್ಟಿನಲ್ಲಾದರೂ ಇದ್ದಾಳೆ. ಎಲ್ಲರೂ ನೀರಿಗೆ ಓಡುತ್ತಿದ್ದರೆ ಅವಳು ಕೂತಲ್ಲೇ, ಸಾಕು ಬಿಡಬೇ, ಎಂದು ತುಟಿಯೊಳಗೇ ಹೇಳುತ್ತಿದ್ದಳು.

ಜಂಬಣ್ಣನಿಗೆ ಜಿನ್ನಿನಲ್ಲಿ ಯಾಕಪ್ಪ ಎಂದು ಅಡ್ಡ ಹೆಸರು. ಏನು ಹೇಳಿದರೂ 'ಯಾಕ?' ಅನ್ನದೆ ಮುಂದಕ್ಕೆ ಹೋಗುವವನಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬಯ್ಯುವ ಗಂಡಸರನ್ನು ಕಂಡೀನಿ, ಯಾಕ ಹೆಚ್ಚಾತು ಅಂತ ಕೈ ಒಣಗಿಸಿಕೊಂಡು ವಿಚಾರ ಮಾಡೋ ಗಂಡಸನ್ನ ಇಲ್ಲೇ ಕಂಡದ್ದು ಎಂದು ಹೆಂಡತಿ ಗಂಗಾಂಬಿಕಾ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅಂಥವನು ದೆವ್ವವನ್ನು ಸುಮ್ಮನೆ ಬಿಟ್ಟಾನೆಯೇ? ಹಾಗಂತ ಇಲ್ಲವೆಂದು ವಾದಕ್ಕೂ ಇಳಿಯಲಿಲ್ಲ.

"ಆತಪ, ದೆವ್ವ ಐತಿ ಅಂತ ಇಟಗೊಳ್ಳೋಣ," ಎಂದ. "ಆಕಿ ಸತ್ತದ್ದು ಚೀಲದ ಸಾಲಿನ ಬಾಜೂಕ. ಅಲ್ಲಿ ಒಮ್ಮೆರ ಬೆಂಕಿ ಹತ್ತೈತೇನು? ಯಾವಾಗಲೂ ಯಂತ್ರದ ಬಾಯಾಗ ಹತ್ತತೈತಿ. ಯಾಕ? ಮಂತ್ರ ಹಾಕಿಸಿದ ಮ್ಯಾಲ ಕಮ್ಮಿ ಆಗಬೇಕಿತ್ತು, ಹೆಚ್ಚಾತು. ಅದು ಯಾಕ?"

ಮುಂದಿನ ಬೆಂಕಿ ಆರಿದ ಮೇಲೆ ಅವನು ಬೂದಿಯನ್ನೆಲ್ಲ ಗುಡಿಸಿ, ಮನೆಯಿಂದ ಜರಡಿ ತಂದು ಸೋಸಿದ. ಜರಡಿಯ ಮೇಲೆ ಎತ್ತಿನ ಲಾಳದ ಮೊಳೆಗಳು ಉಳಿದವು. ಯಂತ್ರದಲ್ಲಿ ಅಂಥ ಮೊಳೆಯೇ ಇಲ್ಲ.

"ಬೆಂಕಿ ಹತ್ತಿದ ಕಡಿಗೇ ಎಲ್ಲಾರೂ ನೋಡಬ್ಯಾಡ್ರಿ," ಎಂದ. "ಅಲ್ಲಿಗೆ ಬರೋಕ ಮುಂಚೆ ಅದು ಎಲ್ಲಿತ್ತು ಅದನ್ನ ನೋಡ್ರಿ."

ಮರುದಿನ ಹಳೆಯ ರೇಡಿಯೋ ಪೆಟ್ಟಿಗೆಯಿಂದ ಕಿತ್ತ ಅಯಸ್ಕಾಂತವನ್ನು ಕೋಲಿಗೆ ಕಟ್ಟಿಕೊಂಡು ಬಂದು ಹತ್ತಿಯ ರಾಶಿಯೊಳಗೆ ಆಡಿಸಿದ. ಮೊಳೆಗಳು ಒಂದೊಂದಾಗಿ ಕಚ್ಚಿಕೊಂಡು ಮೇಲೆ ಬಂದವು. ಹೆಂಗಸರು ತಲೆ ತಗ್ಗಿಸಿದರು. ಕಬ್ಬಿಣ ಇದ್ದಲ್ಲಿ ದೆವ್ವ ಸುಳಿಯುವುದಿಲ್ಲವಲ್ಲ. ಬಾಣಂತಿಯ ತಲೆದೆಸೆಗೆ ಕುಡುಗೋಲು ಇಡುವ ಹಾಗೆ, ಒಬ್ಬರಿಗೊಬ್ಬರು ಹೇಳದೆ, ತಾವು ಕೂರುವ ಜಾಗದ ರಾಶಿಯಲ್ಲಿ ಒಂದೊಂದು ಮೊಳೆ ಹುಗಿಯುತ್ತಿದ್ದರು. ಬೆಂಕಿ ಹೆಚ್ಚಾದಷ್ಟೂ ಮೊಳೆ ಹೆಚ್ಚು. ಜಂಬಣ್ಣ ಖಾಲಿ ಯಂತ್ರವನ್ನು ತಿರುಗಿಸಿ ಒಂದು ಮೊಳೆ ಒಳಗೆ ಹಾಕಿದ. ಚಟ್ಟೆಂದು ಕಿಡಿ ಹಾರಿತು. ಅವನು ಯಾರನ್ನೂ ಬಯ್ಯಲಿಲ್ಲ, ಯಂತ್ರ ನಿಲ್ಲಿಸಿ ಕೈ ಒರೆಸಿಕೊಂಡ.

ರಾಶಿಯಲ್ಲಿ ಮೊಳೆ ಹುಗಿಯದೆ ಇದ್ದವಳು ಹುಲುಗಮ್ಮ ಒಬ್ಬಳೇ. ಅವ್ವ ಬಾರದಿರಲಿ ಎಂದು ಅವಳೇಕೆ ಹುಗಿದಾಳು?

*

ಅವತ್ತು ಎಲ್ಲರೂ ನಗುತ್ತ, ನಾಚುತ್ತ ಮನೆಗೆ ಹೋದರು. ಹುಲುಗಮ್ಮ ಹತ್ತಿಬೀಜದ ರಾಶಿಯ ಹಿಂದೆ ಕೂತು ಅತ್ತಳು. ಚೀಲಗಳ ಕೆಳಗಿಂದ ಅವ್ವನನ್ನು ಎಳೆದ ದಿನ ಕೂಡ ಅಷ್ಟು ಅತ್ತಿರಲಿಲ್ಲ. ಜಂಬಣ್ಣ ಹುಡುಕಿಕೊಂಡು ಬಂದು ದೂರದಲ್ಲೇ ನಿಂತ.

"ನಿಮ್ಮವ್ವನ ಮ್ಯಾಲಿನ ಅಪವಾದ ಹೋತು. ಯಾಕ ಅಳ್ತಿ ಯವ್ವಾ?"

ಅವಳು ಮೂಗು ಒರೆಸಿಕೊಂಡು ಕೇಳಿದಳು, "ಮೊದಲನೇ ಬೆಂಕಿ ಹೆಂಗ ಹತ್ತಿತ್ರಿ? ಅವತ್ತು ಯಾರೂ ಮೊಳಿ ಇಟ್ಟಿದ್ದಿಲ್ಲ. ಹೆದರಿಕಿ ಶುರು ಆಗಿದ್ದೇ ಅದರ ಮ್ಯಾಲ."

ಜಂಬಣ್ಣ ಕಲ್ಲು ಬಿದ್ದಿರಬೇಕು ಎಂದೋ ಮತ್ತೇನೋ ಎಂದೋ ಹೇಳಿ ಮುಗಿಸಬಹುದಿತ್ತು.

"ಗೊತ್ತಿಲ್ಲ," ಎಂದ. "ಅವತ್ತಿನ ಬೂದಿ ನಾನು ಸೋಸಲಿಲ್ಲ."

"ಹಂಗಾರ ಅದು ನಮ್ಮವ್ವ ಇರಬಹುದಲ್ರಿ?"

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲ, ಅಷ್ಟ. ಆ ಜಾಗದಾಗ ನಾನು ಮೊಳಿ ಇಡಾಕ ಬರಂಗಿಲ್ಲ. ನೀನು ನಿಮ್ಮವ್ವನ್ನ ಇಡಾಕ ಬರಂಗಿಲ್ಲ. ಅದನ್ನ ಖಾಲಿ ಬಿಡಬೇಕು ನೋಡವ್ವ."

ಮರುದಿನ ಅಯಸ್ಕಾಂತದ ಕೋಲನ್ನು ಅವಳ ಕೈಗೇ ಕೊಟ್ಟ. ಅಂದಿನಿಂದ ಯಂತ್ರಕ್ಕೆ ಹೋಗುವ ಹತ್ತಿಯನ್ನೆಲ್ಲ ಮೊದಲು ಸವರಿ ನೋಡುವ ಕೆಲಸ ಹುಲುಗಮ್ಮನದಾಯಿತು. ಬೆಂಕಿ ನಿಂತುಹೋಯಿತು. ಆ ಖಾಲಿ ಜಾಗ ಮಾತ್ರ ಅವಳ ಹತ್ತಿರ ಉಳಿಯಿತು. ಕೆಲವು ಮಧ್ಯಾಹ್ನ ಕೈ ನಿಲ್ಲಿಸಿ ಅದರ ಬದಿಗೆ ಹೋಗಿ ಕೂತು ಬಂದವಳಂತೆ ಇರುತ್ತಿದ್ದಳು. ಜಂಬಣ್ಣ ಕಂಡೂ ಯಾಕೆ ಎಂದು ಕೇಳದೆ ಬಿಟ್ಟದ್ದು ಅದೊಂದನ್ನೇ.

*

"ಹೋಗವ್ವ, ಕೇರೀಗೆ ನಡಿ," ಎಂದು ನಾಗಪ್ಪ ಬಾಗಿಲಿಗೆ ಬಂದ. "ಮೇಸ್ತ್ರೀನ ನೆಮ್ಮದೀಲೆ ಹೋಗಾಕ ಬಿಡು."

ಹುಲುಗಮ್ಮ ಅವನನ್ನು ದಾಟಿ ಒಳಗೆ ನೋಡುತ್ತಿದ್ದಳು. ಮೊದಲು ಮುಖ ನೋಡಿದಳು. ಅದನ್ನು ಬೆಳಗಿನಿಂದ ಊರೆಲ್ಲ ನೋಡಿತ್ತು. ಬೆಂಕಿ ಹತ್ತಿದ ಕಡಿಗೇ ನೋಡಬ್ಯಾಡ್ರಿ ಎಂದಿದ್ದ ಮೇಸ್ತ್ರಿ. ಅವಳು ಕಣ್ಣನ್ನು ಕೆಳಗಿಳಿಸಿದಳು. ಬಾಗಿಲ ಕಡೆಯ ಹೆಗಲು ಇನ್ನೊಂದಕ್ಕಿಂತ ತಗ್ಗಿತ್ತು. ಸೊಂಟವೂ ಈಚೆಗೆ ಜಾರಿತ್ತು. ಕೊರಳಿನ ಮಲ್ಲಿಗೆ ಹಾರ ನೇರ ಇಳಿಬಿದ್ದು, ಎದೆಯ ನಡುವೆ ಇರುವುದನ್ನು ಬಿಟ್ಟು ಒಂದು ಬದಿಗೆ ಬಂದಿತ್ತು. ಎಲ್ಲರೂ ತಲೆಯನ್ನು ಕಟ್ಟುತ್ತಿದ್ದರು, ವಾಲಿದ್ದು ಇಡೀ ಮನುಷ್ಯ.

"ಅವ್ವಾರ," ಎಂದು ಗಂಗಾಂಬಿಕಾಳನ್ನು ಕರೆದಳು. "ಅವ್ವಾರ, ತಲಿ ಬಿಡ್ರಿ. ಮಣಿ ಕೆಳಗ ನೋಡ್ರಿ. ಒಳಮಗ್ಗುಲು ಎತ್ತರಾಗೇತಿ."

ಗಂಗಾಂಬಿಕಾ ಬೆಳಗಿನಿಂದ ಗಂಡನ ಕಾಲಿನ ಬಳಿ ಕೂತವಳು ಮಾತಾಡಿರಲಿಲ್ಲ. ಈಗ ತಲೆ ಎತ್ತಿದಳು. "ಯಾಕ?" ಎಂದಳು. ಆ ಮನೆಯಲ್ಲಿ ಅಷ್ಟು ವರ್ಷ ಕೇಳಿದ ಮಾತು ತಾನಾಗಿ ಬಂದಿತ್ತು.

"ಏನೋ ಇಟ್ಟಾರ್ರಿ."

ಬಸಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಒಳಗ ಬಾ," ಎಂದಳು ಗಂಗಾಂಬಿಕಾ ಹುಲುಗಮ್ಮನಿಗೆ. ಯಾರೋ ಕೆಮ್ಮಿದರು. "ಕೆಮ್ಮೋರು ಹೊರಗ ಹೋಗಿ ಕೆಮ್ಮಿ ಬರ್ರಿ. ಹೊಸ್ತಿಲಾಚೆ ನಿಂತು ಮಣಿ ಕೆಳಗ ಕೈ ಹಾಕಾಕ ಬರತೈತೇನು? ನೀನ ತಗಿ ಬಾ."

ಹುಲುಗಮ್ಮ ಹೊಸ್ತಿಲು ದಾಟಿದಳು. ಅಯ್ಯನವರೂ ನಾಗಪ್ಪನೂ ಮಣೆಯನ್ನು ಸ್ವಲ್ಪ ಎತ್ತಿದರು. ಅವಳು ಕೈ ಹಾಕಿ ಎಳೆದಳು. ಕುಡುಗೋಲು ಬಂತು. ಅದರ ಹಿಂದೆ ಒಂದು ನೇಗಿಲ ಕುಳವೂ ಬಂತು. ಕೆಳಗಿಟ್ಟಾಗ ಮಣೆ ನೆಲಕ್ಕೆ ಸರಿಯಾಗಿ ಕೂತಿತು. ಅಯ್ಯನವರು ವಸ್ತ್ರ ಬಿಚ್ಚಿ ಮತ್ತೆ ಕಟ್ಟಿದರು; ಕಟ್ಟಿದ ತಲೆ ಕಟ್ಟಿದಂತೆಯೇ ನಿಂತಿತು. ಎಲ್ಲರೂ ನೋಡುತ್ತ ನಿಂತರು. ಅದು ತಿರುಗಲಿಲ್ಲ.

"ನಾನ ಇಟ್ಟೆ," ಎಂದಳು ಬಸಲಿಂಗಮ್ಮ. "ತಮ್ಮನ್ನ ಆ ಗಿಡ್ಡಮ್ಮ ಮುಟ್ಟಬಾರದು ಅಂತ. ತಿರುಗಿದಂಗೆಲ್ಲ ಇನ್ನೀಟು ಒಳಗ ದೂಡಿದೆ. ಸಾಲ್ದು ಅಂತ ಕುಳಾನೂ ಸೇರಿಸಿದೆ."

ನಾಗಪ್ಪ ಎತ್ತಲೋ ನೋಡುತ್ತ ಮೀಸೆ ಸವರಿಕೊಂಡ. ಲಾಳದ ಮೊಳೆಯ ದಿನಗಳಲ್ಲಿ ಗೇಟಿನ ಕಂಬಕ್ಕೆ ಅವನೂ ಲಾಳ ಹೊಡೆದಿದ್ದವನೇ. ಹೆಂಗಸರು ಹುಲುಗಮ್ಮನಿಗೆ ಕೂರಲು ಜಾಗ ಬಿಟ್ಟರು. ಅವ್ವ ಮತ್ತೆ ದೆವ್ವವಾಗದೆ ಉಳಿದುಕೊಂಡಳು ಎಂದುಕೊಂಡು ಅವಳು ಅಲ್ಲಿ ಕೂತಳು. ಜಂಬಣ್ಣನ ಮುಖ ಈಗ ಎದುರಿನ ಗೋಡೆಗಿತ್ತು. ಇಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದರು, ನಾನೇ ತಿರುಗಿಸಿಬಿಟ್ಟೆ ಎಂದು ಅವಳಿಗೆ ತುಂಬಾ ದುಃಖವಾಯಿತು.

ಆಗ ಬಸಲಿಂಗಮ್ಮ ಮೆಲ್ಲಗೆ ಅಂದಳು: "ಆದ್ರ ಮೊದಲನೇ ಸಲ ತಿರುಗಿದಾಗ ನಾನು ಏನೂ ಇಟ್ಟಿದ್ದಿಲ್ಲ. ಈ ಹುಡುಗಿ ಬಂದು ಬಾಗ್ಲಾಗ ನಿಂತ್ಳು, ಮುಖ ತಿರುಗಿತು. ಅದನ್ನ ಕಂಡ ಮ್ಯಾಲ ಹೆದರಿ ಕುಡುಗೋಲು ತಂದೆ."

ಪಡಸಾಲೆಯಲ್ಲಿ ಎಲ್ಲರ ಕಣ್ಣೂ ಹುಲುಗಮ್ಮನ ಮೇಲಿದ್ದವು.

"ವಸ್ತ್ರ ಸಡ್ಲಿತ್ತೇನೋ," ಎಂದ ನಾಗಪ್ಪ. ಅವಳ ಪರವಾಗಿ ಅಷ್ಟು ಹೇಳಿದ್ದು ಅವನ ದೊಡ್ಡತನವೇ ಸರಿ.

"ಇದ್ದೀತು," ಎಂದಳು ಹುಲುಗಮ್ಮ. ಆಮೇಲೆ ಗಂಗಾಂಬಿಕಾಳ ಮುಖ ನೋಡಿ, "ನನಗ ಗೊತ್ತಿಲ್ರಿ ಅವ್ವಾರ," ಎಂದಳು.

ಗಂಗಾಂಬಿಕಾ ತಲೆಯಾಡಿಸಿದಳು. ಕೈ ಚಾಚಿ ಗಂಡನ ಕೊರಳಿನ ಹಾರವನ್ನು ಎದೆಯ ನಡುವೆ ಸರಿಮಾಡಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿದಿರು, ಬಾಳೆಕಂದು, ಹೂವಿನಿಂದ ಕಟ್ಟಿದ ವಿಮಾನ ಸಿದ್ಧವಾಯಿತು. ಜಂಬಣ್ಣನನ್ನು ಅದರೊಳಗೆ ಕೂರಿಸಿ ಹೆಗಲಿಗೆತ್ತಿಕೊಂಡರು. ಹುಲುಗಮ್ಮ ಮೊದಲೇ ಹೊರಗೆ ಬಂದು ಅಂಗಳದ ಬೇವಿನ ಕೆಳಗೆ ನಿಂತಿದ್ದಳು. ಎಲ್ಲಾದರೂ ದೂರ ಇಟ್ಟು ಬಾ ಎಂದು ಬಸಲಿಂಗಮ್ಮ ಕೊಟ್ಟ ಕುಡುಗೋಲು ಇನ್ನೂ ಕೈಯಲ್ಲಿತ್ತು. ಭಜನೆ ಜೋರಾಯಿತು. ವಿಮಾನ ಬಾಗಿಲು ದಾಟಿ ಅಂಗಳಕ್ಕಿಳಿದು ಅವಳ ಕಡೆಗೆ ಬಂತು. ಸುತ್ತ ನಿಂತವರೆಲ್ಲ ಕೈ ಮುಗಿದು, ಕತ್ತು ಚಾಚಿ, ಕೊನೆಯ ಸಲ ಮುಖ ನೋಡುತ್ತಿದ್ದರು.

ವಿಮಾನದ ನೆರಳು ಹುಲುಗಮ್ಮನ ಪಾದದ ಮೇಲೆ ಬಂತು. ಹೊತ್ತವರು ಹೆಗಲು ಬದಲಿಸಲು ಅಲ್ಲೇ ಒಂದು ಗಳಿಗೆ ನಿಂತರು. ನಾಲ್ಕು ಮಲ್ಲಿಗೆ ಅವಳ ಕಾಲ ಬಳಿ ಉದುರಿದವು. ಅವಳು ಅವನ್ನೇ ನೋಡುತ್ತ ನಿಂತಳು. ನೆರಳು ಸರಿದು, ಪಾದದ ಮೇಲೆ ಮತ್ತೆ ಬಿಸಿಲು ಬಿದ್ದು, ಭಜನೆ ಓಣಿಯ ತಿರುವು ದಾಟುವ ತನಕ, ಮುಖ ಯಾವ ಕಡೆಗಿದೆ ಎಂದು ನೋಡಲು ಅವಳು ತಲೆ ಎತ್ತಲಿಲ್ಲ.