ಎಲೆಯಡಿಕೆಯೊಳಗಿನ ಕಪ್ಪು ಗುಳಿಗೆ

ಎಂಬತ್ತೆರಡರ ಬೇಸಿಗೆ. ಬ್ಯಾಕೋಡಿನ ಯಮುನಮ್ಮನ ಮದುವೆಯಾಗಿ ಐದು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಊರಿಗೆಲ್ಲ ಅದೇ ಚಿಂತೆ; ಬೇರೆ ಕೆಲಸವಿಲ್ಲದವರಿಗೆ ಇನ್ನೂ ಹೆಚ್ಚು. ಅತ್ತೆ ದುಗ್ಗಮ್ಮ ಮಗನಿಗೆ ನಗರದ ಕಡೆ ಇನ್ನೊಂದು ಹೆಣ್ಣು ಹುಡುಕಿದ್ದಳು. ಸೋಮವಾರ ನೋಡಲು ಹೋಗುವುದೆಂದಾಯಿತು.

ಅವಳ ಗಂಡ ಬೆಳ್ಳಪ್ಪ ಹಿನ್ನೀರಿನಲ್ಲಿ ದೋಣಿ ನಡೆಸುವವನು. ಹುಟ್ಟು ಹಾಕಿ ಹಾಕಿ ಸೊಂಟ ಹಿಡಿದುಕೊಂಡಿತ್ತು. ಊರೂರು ತಿರುಗುವ ಮದ್ದಿನವನು ಕೊಟ್ಟ ಕಪ್ಪು ಗುಳಿಗೆಯನ್ನು ಮದುವೆಯಾದ ವರ್ಷದಿಂದಲೂ ತಾಯಿಯೇ ದಿನಾ ಸಂಜೆ ಎಲೆಯಡಿಕೆಯೊಳಗೆ ಮಡಚಿ ಕೊಡುತ್ತಿದ್ದಳು. ನೋವು ಹೋಗುತ್ತಿತ್ತು. ಜೊತೆಗೆ ಮಾತು, ನಗು, ಹೆಂಡತಿಯ ಮೇಲಿನ ಆಸೆ ಎಲ್ಲವೂ ಹೋಗಿದ್ದವು. ಈ ಕೊನೆಯದನ್ನು ಯಮುನಮ್ಮ ಯಾರ ಹತ್ತಿರ ಹೇಳಿಯಾಳು?

ಆ ವಾರ ಮನೆಮನೆಗೆ ಬರುವ ಸರ್ಕಾರಿ ನರ್ಸ್ ವಾಗ್ದೇವಿ ಬಂದಾಗ ಯಮುನಮ್ಮ ಅಡುಗೆಮನೆಯಲ್ಲಿ ಅವರ ಕೈ ಹಿಡಿದು ಅತ್ತೇಬಿಟ್ಟಳು. ಎಲ್ಲ ಹೇಳಿದಳು. ವಾಗ್ದೇವಿ ಜಗಲಿಗೆ ಬಂದು ದುಗ್ಗಮ್ಮನಿಂದ ಗುಳಿಗೆ ಇಸಿದುಕೊಂಡು ಮೂಸಿದರು.

"ದುಗ್ಗಮ್ಮ, ಇದು ಅಫೀಮು."

"ಎಂತದೋ ಒಂದು. ನೋವಿಗೆ ಆಗ್ತದಲ್ಲ! ಬಂಜೆ ಇವ್ಳು. ನನ್ ಮಗನ ಮದ್ದಿಗೆ ಯಾಕೆ ಬೈತೀರಿ?"

"ಸಿಟ್ಟು ಮಾಡ್ಬೇಡಿ, ಕೇಳಿ. ಗಂಡಸಿನ ಹಾರ್ಮೋನ್ ಮಾಡು ಅಂತ ತಲೆಯಿಂದ ಬೀಜಕ್ಕೆ ಅಪ್ಪಣೆ ಹೋಗ್ತದೆ. ಅಫೀಮು ಆ ಅಪ್ಪಣೇನೇ ತಡೀತದೆ. ಆಗ ಆಸೆನೂ ಕಮ್ಮಿ, ಮಕ್ಕಳಾಗೋದೂ ಕಷ್ಟ. ಹೆಂಗಸ್ರು ತಿಂದ್ರೆ ಮುಟ್ಟೇ ನಿಂತು ಹೋಗ್ಬಹುದು. ಈ ಜಾತಿ ಮದ್ದನ್ನ ಮಂಗಗಳಿಗೆ ಕೊಟ್ಟೂ ನೋಡಿದಾರೆ. ಅವಕ್ಕೂ ಹಾರ್ಮೋನ್ ಇಳೀತದೆ."

"ನನ್ ಮಗ ಮಂಗನೇನ್ರೀ?"

"ಅಲ್ಲಮ್ಮ! ಆದ್ರೆ ಮೈಯೊಳಗಿನ ಏರ್ಪಾಡು ಅವಕ್ಕೂ ನಮಗೂ ಹೆಚ್ಚುಕಮ್ಮಿ ಒಂದೇ."

"ಹಂಗಾರೆ ಇವತ್ತೇ ಬಿಸಾಕ್ತೀನಿ" ಎಂದ ಮೂಲೆಯಲ್ಲಿ ಕೂತಿದ್ದ ಬೆಳ್ಳಪ್ಪ.

"ಬೇಡ! ಒಮ್ಮೆಗೇ ಬಿಟ್ರೆ ವಾಂತಿ, ಭೇದಿ, ಮೈಯೆಲ್ಲ ನೋವು. ಸಾಗರದ ಡಾಕ್ಟ್ರು ಸ್ವಲ್ಪ ಸ್ವಲ್ಪವೇ ಇಳಿಸ್ತಾರೆ. ಸೊಂಟಕ್ಕೆ ಬೇರೆ ಮದ್ದಿದೆ. ಗಂಡ ಹೆಂಡ್ತಿ ಇಬ್ರೂ ತೋರಿಸ್ಕೊಳ್ಳಿ. ಬಿಟ್ಟ ಮೇಲೆ ಸುಮಾರು ಜನಕ್ಕೆ ಸರಿಹೋಗ್ತದೆ."

ದುಗ್ಗಮ್ಮ ತನ್ನ ಬೆರಳುಗಳನ್ನೇ ನೋಡುತ್ತಾ ಕೂತಳು. ಪ್ರೀತಿಯಿಂದಲೇ ಮಾಡಿದ್ದಳು ಪಾಪ, ಅದಕ್ಕೇ ಹೆಚ್ಚು ಸಂಕಟವಾಯಿತು.

"ಮಡಚಿ ಕೊಟ್ಟೋಳು ನಾನು, ಬೈಸಿಕೊಂಡೋಳು ನೀನು. ತಪ್ಪಾಯ್ತು ಯಮುನಾ."

ಸೋಮವಾರ ನಗರದ ಬಸ್ಸಿಗೆ ಯಾರೂ ಹೋಗಲಿಲ್ಲ. ಗಂಡ ಹೆಂಡತಿ ಸಾಗರಕ್ಕೆ ಹೊರಟರು. ಹಿನ್ನೀರು ದಾಟಿಸುವ ಲಾಂಚಿನ ತನಕ ಬಂದ ದುಗ್ಗಮ್ಮ ಸೊಸೆಯ ಕೈಗೆ ಬುತ್ತಿ ಕೊಟ್ಟು, "ಮಕ್ಕಳಾಗ್ಲಿ, ಬಿಡ್ಲಿ. ಈ ಮನೆಗೆ ಸೊಸೆ ನೀನೊಬ್ಳೇ" ಎಂದಳು. ಯಮುನಮ್ಮ ಎಷ್ಟೋ ದಿನದ ಮೇಲೆ ನೆಮ್ಮದಿಯಿಂದ ಉಸಿರುಬಿಟ್ಟಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹೆಸರು ಗೊತ್ತಿಲ್ಲದ ನೋವಿನ ಗುಳಿಗೆ ಇದೆಯೇ? ಅದನ್ನು ಇವತ್ತೇ ಆಸ್ಪತ್ರೆಗೆ ಒಯ್ದು ತೋರಿಸಿ. ಅಫೀಮಿನ ಚಟ ಹತ್ತಿದ್ದರೆ ನಾಚಿಕೊಳ್ಳಬೇಡಿ, ಡಾಕ್ಟರ ನೆರವಿನಿಂದಲೇ ಬಿಡಿ. ಮಕ್ಕಳಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಿ. ಹೆಣ್ಣುಮಗಳೊಬ್ಬಳನ್ನೇ ದೂರಿ ಅವಳ ಬಾಳು ಕೆಡಿಸಬೇಡಿ.