ಹಗಲು ಹಾರುವ ಪತಂಗ

ರಾತ್ರಿಪಾಳಿ ಮುಗಿಸಿ ಬಂದ ನರ್ಸಮ್ಮ ಹಾಸಿಗೆಯ ಮುಖ ನೋಡುವ ಮೊದಲೇ ಅಕ್ಕ ಅವಳನ್ನು ಕಾಡಿಗೆ ಹೊರಡಿಸಿದ್ದಳು. ಅಕ್ಕನಿಗೆ ಹುಳಹುಪ್ಪಟೆಯ ಹುಚ್ಚು. ನಾಲ್ಕು ಹೆಜ್ಜೆ ಬಿಸಿಲಲ್ಲಿ ನಡೆದರೆ ತಂಗಿಯ ಮುಖಕ್ಕೆ ಕಳೆ ಬಂದೀತೆಂಬ ಆಸೆ ಬೇರೆ. ಹಗಲುಪಾಳಿ ಕೊಡಿ ಎಂದು ತಂಗಿ ವರ್ಷಗಟ್ಟಲೆ ಬೇಡಿಕೊಂಡರೂ ಆಸ್ಪತ್ರೆಯವರು ಕಿವಿಗೆ ಹಾಕಿಕೊಂಡಿರಲಿಲ್ಲ. ಇಡೀ ರಾತ್ರಿ ವಾರ್ಡಿನಲ್ಲಿ ಸುತ್ತಿದ ಅವಳ ಕಾಲುಗಳು ಈಗ ಬೇರು ಕಂಡಲ್ಲೆಲ್ಲ ಎಡವುತ್ತಿದ್ದವು.

ಮರಗಳ ನಡುವೆ ಬಿಸಿಲು ಚೆಲ್ಲಿದ್ದ ಜಾಗದಲ್ಲಿ, ಹೂವಿನ ಮೇಲೆ ಕೂತಿದ್ದ ಕಂದು ರೆಕ್ಕೆಯ ಹುಳವನ್ನು ಅಕ್ಕ ತೋರಿಸಿದಳು.

“ಚಿಟ್ಟೇನಾ, ಪತಂಗಾನಾ ಹೇಳು. ಮೀಸೆ ನೋಡು. ತುದಿ ಗುಂಡಗಿದ್ರೆ ಚಿಟ್ಟೆ, ಗರಿ ಥರ ಇದ್ರೆ ಪತಂಗ.”

ನರ್ಸಮ್ಮ ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಹಚ್ಚಿದಳು. ಬೆಳಕು ಹುಳದ ಕಣ್ಣಿಗೆ ಹೊಡೆಯದಂತೆ ಬೆರಳು ಅಡ್ಡ ಹಿಡಿದು, ತುದಿಗಾಲಲ್ಲಿ ಹೋಗಿ ಬಗ್ಗಿದಳು.

“ಗರಿ ಥರಾನೇ ಇದೆ. ಪತಂಗ,” ಎಂದು ಪಿಸುಗುಟ್ಟಿದಳು. “ಮೆಲ್ಲಗೆ ಮಾತಾಡಕ್ಕ, ಎದ್ದುಬಿಡತ್ತೆ.”

ಅಕ್ಕನಿಗೆ ನಗು ಬಂತು. ಆದರೆ ಸುಡುಬಿಸಿಲಲ್ಲಿ ಉರಿಯುತ್ತಿದ್ದ ಆ ಟಾರ್ಚ್ ನೋಡಿ ನಗು ನುಂಗಿ, ತಾನೂ ದನಿ ತಗ್ಗಿಸಿದಳು.

“ಅದು ಮಲಗಿಲ್ಲ ಕಣೇ. ಪತಂಗದಲ್ಲಿ ಹಗಲು ಹಾರೋವೂ ಇವೆ.”

“ಮತ್ತೆ ರಾತ್ರಿ?”

“ರಾತ್ರಿ ಆರಾಮಾಗಿ ಮಲಗ್ತವೆ.”

ನರ್ಸಮ್ಮ ಟಾರ್ಚ್ ಆರಿಸಿ, ಪಕ್ಕದಲ್ಲೇ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕುಸಿದು ಕೂತಳು. ಹುಳ ಹೂವಿನಿಂದ ಹೂವಿಗೆ ಹಾರುವುದನ್ನು ಬಹಳ ಹೊತ್ತು ನೋಡಿದಳು.

“ಹಗಲುಪಾಳಿ ಹಾಕಿಸ್ಕೊಳ್ಳೋಕೆ ಅದು ಯಾರ ಕೈಕಾಲು ಹಿಡೀತು ಅಂತ ಸ್ವಲ್ಪ ಕೇಳಕ್ಕ,” ಎಂದಳು.